ರಾಜಮಾಚಿಯ ಗದ್ದೆ ನೋಡಲು ಹೊರಟವರು ಇದನ್ನೊಮ್ಮೆ ಓದಿ

‘ಭತ್ತದ ಮೆಟ್ಟಿಲುಗಳ ನಡುವೆ ಗುಡ್ಡದ ಹಳ್ಳಿ, ಎರಡು ದಿನ, ಊಟ ವಸತಿ ಸಹಿತ’ ಎಂದು ಲೋಣಾವಳಾ ಬಳಿಯ ರಾಜಮಾಚಿ ಕೋಟೆಯ ಬುಡಕ್ಕೆ ಕರೆಯುವ ಜಾಹೀರಾತು ಡೊಂಬಿವಲಿ, ಠಾಣೆ, ಪಿಂಪ್ರಿ ಕಡೆಯ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಸುತ್ತುತ್ತಿದೆ. ಹೋದ ಜುಲೈನಲ್ಲಿ ಇಂಥದ್ದನ್ನೇ ನಂಬಿ ಹೋದ ತಂಡವೊಂದು ಮುಂಗಡ ಕಳೆದುಕೊಂಡು, ಒಬ್ಬರ ಕಾಲು ಉಳುಕಿ, ಊರಿನವರ ಗದ್ದೆಯನ್ನೂ ಕೆಡಿಸಿ ವಾಪಸು ಬಂತು. ಎಲ್ಲೆಲ್ಲಿ ತಪ್ಪಿತು ಎಂದು ಹೇಳುತ್ತೇವೆ.

ಮೊದಲ ಮೋಸ ಚಿತ್ರದಲ್ಲೇ ಇತ್ತು. ಗದ್ದೆಗಳ ಮಧ್ಯೆ ಸಾಲು ತೆಂಗು! ರಾಜಮಾಚಿಯ ಗದ್ದೆಗಳ ನಡುವೆ ತೆಂಗು ಎಲ್ಲಿಂದ ಬರಬೇಕು? ಅಂಥ ಚಿತ್ರ ಸಾಮಾನ್ಯವಾಗಿ ಬಾಲಿ ದ್ವೀಪದ್ದು. ಕಲ್ಲುಗೋಡೆ ಕಟ್ಟಿ ಬೆಟ್ಟದ ನೆತ್ತಿಯವರೆಗೂ ಏರಿದ ಮೆಟ್ಟಿಲು ಕಂಡರೆ ಅದು ಫಿಲಿಪ್ಪೀನ್ಸಿನ ಬಟಾಡ್ ಇರಬಹುದು. ಅಲ್ಲಿನ ಗದ್ದೆಗಳು 1995ರಲ್ಲೇ ಯುನೆಸ್ಕೊ ಪಟ್ಟಿ ಸೇರಿವೆ. ಸಹ್ಯಾದ್ರಿಯಲ್ಲಿ ನಿಮಗೆ ಸಿಗುವುದು ಮಣ್ಣಿನ ಬದು, ಗಿಡ್ಡ ಮೆಟ್ಟಿಲು, ಅಂಗಳದಷ್ಟಗಲದ ತುಂಡು ಗದ್ದೆ. ಚೆಂದವೇ, ಆದರೆ ಬೇರೆ ಚೆಂದ. ಅದೂ ಜುಲೈನಲ್ಲಿ ನಾಟಿಯ ಕೆಸರು ಮಾತ್ರ. ಹಸಿರು ತುಂಬುವುದು ಆಗಸ್ಟ್ ಕೊನೆಗೆ, ಬಂಗಾರದ ಬಣ್ಣ ಅಕ್ಟೋಬರಿಗೆ. ಕೊಯ್ಲಾದ ಮೇಲೆ ಬರೀ ಕೂಳೆ.

ಎರಡನೆಯದು ‘ಹಳ್ಳಿಯ ಬಾಗಿಲ ತನಕ ವಾಹನ’. ಲೋಣಾವಳಾದಿಂದ ರಾಜಮಾಚಿಯ ಬುಡದ ಉಧೇವಾಡಿಗೆ ಸುಮಾರು 15 ಕಿ.ಮೀ. ದಾರಿ ಹೆಚ್ಚೂಕಡಿಮೆ ಸಮತಟ್ಟು, ಆದರೆ ಮಳೆ ಹಿಡಿದರೆ ಕೆಸರು, ನಡುನಡುವೆ ಹಳ್ಳ. ಜೀಪು ಅರ್ಧದಲ್ಲೇ ನಿಂತರೆ ಉಳಿದದ್ದು ಕಾಲ್ನಡಿಗೆ. ಆ ತಂಡಕ್ಕೆ ಆದದ್ದೂ ಅದೇ. ‘ರಸ್ತೆ ಸರಿ ಇದೆಯಾ’ ಎಂದು ಕೇಳಿದರೆ ಆಯೋಜಕರು ‘ಹೌದು’ ಎಂದೇ ಅನ್ನುತ್ತಾರೆ. ಉಳಿಯುವ ಮನೆಯವರ ನಂಬರು ಪಡೆದು, ‘ನಿನ್ನೆ ಊರಿಗೆ ಜೀಪು ಬಂತಾ?’ ಎಂದು ನೇರವಾಗಿ ಕೇಳಿ. ನಂಬರು ಕೊಡದ ಆಯೋಜಕರಿಗೆ ಮುಂಗಡ ಕೊಡಬೇಡಿ. ಮುಂಬಯಿಯವರು ಕರ್ಜತ್ ಲೋಕಲ್ಲು ಹಿಡಿದು ಬಂದು, ಬೆಟ್ಟದಡಿಯ ಕೊಂಡಿವಡೆ ಹಳ್ಳಿಯಿಂದ, ಕೊಂಡಾಣೆ ಗುಹೆಗಳ ಮೇಲೆ ಹಾದು ಹತ್ತುವುದುಂಟು. ಹತ್ತುವಾಗ ಬರೀ ಏದುಸಿರು. ಸಂಜೆ ಮಳೆಯಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಇಳಿಯುವಾಗಲೇ ಕಷ್ಟ.

ಇನ್ನು ಗದ್ದೆಯ ವಿಷಯ. ಬದು ಕಾಲುದಾರಿಯಲ್ಲ. ಮರಾಠಿಯ ಬಾಂಧ, ತುಳುವರ ಪುಣಿ. ಅದು ನೀರು ತಡೆಯುವ ಕಟ್ಟೆ. ಮೇಲಿಂದ ನೋಡಿದರೆ ಗಟ್ಟಿ ಹುಲ್ಲುಹಾಸು, ಒಳಗೆಲ್ಲ ಏಡಿಗಳು ಕೊರೆದ ಬಿಲ. ಫೋಟೊಗೆಂದು ಒಬ್ಬರ ಹಿಂದೆ ಒಬ್ಬರು ನಿಂತಾಗ ಬಿಲದ ಚಾವಣಿ ಕುಸಿದು ಪಾದ ಒಳಗೆ ಹೋಗುತ್ತದೆ, ಪಾದದ ಕೀಲು ತಿರುಚುತ್ತದೆ. ಉಳುಕಿದ ಕಾಲು ಮೂರು ವಾರದಲ್ಲಿ ವಾಸಿಯಾದೀತು. ಆ ತೂತಿನಲ್ಲಿ ನೀರು ನುಗ್ಗತೊಡಗಿದರೆ ಮಾತ್ರ ನಿಲ್ಲುವುದಿಲ್ಲ. ಬೆರಳಗಲದ ಝರಿ ಮಣ್ಣು ಕರಗಿಸುತ್ತ ಸ್ವಲ್ಪದರಲ್ಲೇ ಗೇಣಗಲವಾಗುತ್ತದೆ. ನಾಟಿಯಾದ ಮೊದಲ ವಾರ ಸಸಿ ಬೇರು ಹಿಡಿದಿರುವುದಿಲ್ಲ. ಎರಡು ಮೂರು ಬೆರಳು ನೀರಿನಲ್ಲಿ ಸುಮ್ಮನೆ ನಿಂತಿರುತ್ತದೆ. ಮೇಲಿನ ಗದ್ದೆ ಬರಿದಾಗುತ್ತದೆ, ಕೆಳಗಿನದರಲ್ಲಿ ಸಸಿ ತೇಲಿ ಹೂಳು ಕೂರುತ್ತದೆ, ಆ ಭಾರಕ್ಕೆ ಅದರ ಬದುವೂ ಬಾಯಿ ಬಿಡುತ್ತದೆ. ಮೆಟ್ಟಿಲು ಗದ್ದೆ ಒಂದರ ಕೆಳಗೊಂದು ಇರುವುದರಿಂದ ಒಬ್ಬರ ಹಾನಿ ಒಬ್ಬರಲ್ಲೇ ನಿಲ್ಲುವುದಿಲ್ಲ. ‘ಬಾಂಧಾವರೂನ್ ಚಾಲೂ ನಕಾ’ (ಬದುವಿನ ಮೇಲೆ ನಡೆಯಬೇಡಿ) ಎಂದು ಅಲ್ಲಿನವರು ಕೂಗಿದರೆ ಸಿಡುಕು ಎಂದುಕೊಳ್ಳಬೇಡಿ. ಊರಿನವರು ನಡೆಯುವ ಜಾಡಿನಲ್ಲೇ ನಡೆಯಿರಿ. ಗಂಬೂಟು ಕೆಸರಿನಲ್ಲಿ ಹೂತು ಉಳಿದು ಬರೀ ಕಾಲು ಮೇಲೆ ಬರುತ್ತದೆ. ಒರಟು ಅಟ್ಟೆಯ, ಬಿಗಿಯಾಗಿ ಕಟ್ಟುವ ಶೂ ಇರಲಿ. ಘಟ್ಟದ ಗಾಳಿಗೆ ಕೊಡೆ ನಿಲ್ಲದು. ಜೀನ್ಸ್ ಒದ್ದೆಯಾದರೆ ಕಲ್ಲಿನ ಭಾರ.

ಹಳ್ಳದ ಬಳಿ ಅವಸರ ಬೇಡ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿನೀರು ಕೆಂಪಗಾದರೆ, ಕಡ್ಡಿ ತರಗೆಲೆ ತೇಲಿಬಂದರೆ ಆ ಕ್ಷಣವೇ ದಡಕ್ಕೆ ಬನ್ನಿ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದು ಹೀಗೆ ನೀರು ದಿಢೀರನೆ ಏರಿದಾಗಲೇ. ಆಮೇಲೆ ಪುಣೆ ಜಿಲ್ಲಾಡಳಿತ ಮಳೆಗಾಲದ ತಾಣಗಳಿಗೆ ನಿಷೇಧಾಜ್ಞೆ ಹೊರಡಿಸಿತು; ಹೊರಡುವ ಹಿಂದಿನ ದಿನ ಅಂಥ ಆದೇಶ ಇದೆಯೇ ಎಂದು ನೋಡಿಕೊಳ್ಳಿ. ಆದೇಶದಿಂದ ಪ್ರವಾಸ ರದ್ದಾದರೆ ಹಣ ವಾಪಸು ಎಂದು ಮೊದಲೇ ಬರಹದಲ್ಲಿ ಪಡೆಯಿರಿ. ಆ ತಂಡ ಪಡೆದಿರಲಿಲ್ಲ. ಪ್ರವಾಸ ಅರ್ಧಕ್ಕೇ ನಿಲ್ಲಿಸಿ ಮರಳಿದವರಿಗೆ ‘ಮಳೆ ನಮ್ಮ ಕೈಲಿಲ್ಲ’ ಎಂಬ ಉತ್ತರ ಬಂತು, ದುಡ್ಡು ಬರಲಿಲ್ಲ.

ಗಾಯದ ಕಾಲಿನಲ್ಲಿ ಗದ್ದೆಗಿಳಿದರೆ ಇಲಿಜ್ವರದ ಭಯವಿದೆ. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ರೋಗ ಅದು. ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿಕೊಂಡರೆ ವೈದ್ಯರಿಗೆ ಗದ್ದೆಗಿಳಿದದ್ದನ್ನು ಹೇಳಿ. ಹೇಳದಿದ್ದರೆ ಮಳೆಗಾಲದ ಮುಂಬಯಿಯಲ್ಲಿ ಮೊದಲು ಡೆಂಗಿ, ಮಲೇರಿಯಾ ಎಂದೇ ಹುಡುಕುತ್ತ ದಿನ ಕಳೆಯುತ್ತದೆ.

ಇಷ್ಟಾಗಿಯೂ ಬದು ಒಡೆದರೆ ಸದ್ದಿಲ್ಲದೆ ಜಾಗ ಖಾಲಿ ಮಾಡಬೇಡಿ. ತಕ್ಷಣ ನೀವು ಉಳಿದುಕೊಂಡ ಮನೆಯವರನ್ನು ಕರೆಯಿರಿ. ಕತ್ತಲಾಗುವ ಮುಂಚೆ ಹುಲ್ಲುಹೆಂಟೆ ತುಳಿದು ಕಂಡಿ ಮುಚ್ಚಿದರೆ ಕೆಳಗಿನ ಗದ್ದೆಯ ಸಸಿಯಾದರೂ ಉಳಿಯುತ್ತದೆ.