ಎಂಟು ಇಂಚಿನ ರಬ್ಬರು, ಕೆಳಗಿನ ಮನೆಯ ಸಿಸ್ಟರ್

ಮುಂಬಯಿಯ ದಾದರಿನ ವಾದ್ಯದ ಅಂಗಡಿಯೊಂದರಿಂದ ಈ ಪ್ರಾಕ್ಟೀಸ್ ಪ್ಯಾಡ್ ತಂದು ಮೂರು ತಿಂಗಳಾಯ್ತು. ಮರದ ಹಲಗೆ, ಮೇಲೆ 8 ಇಂಚಿನ ರಬ್ಬರು, ಅಷ್ಟೇ. 950 ರೂಪಾಯಿ. ಡ್ರಮ್ ಕಲಿಯುವ ಹುಡುಗರಿಗೆ ಮಾಡಿದ್ದು. ರಿಟೈರ್ ಆದ ಮೇಲೆ ಯಕ್ಷಗಾನದ ಚೆಂಡೆ ಕಲಿಯಲು ಹೊರಟ ನಾನು ಕೊಂಡೆ.

ಖುಷಿಯಿಂದ ಕೊಂಡದ್ದಲ್ಲ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯವರು ನರ್ಸ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಮಲಗುತ್ತಾರೆ. ನಾನು ಚೆಂಡೆಗೆ ಕೂರುತ್ತಿದ್ದದ್ದು ಹತ್ತಕ್ಕೆ. ಅವರು ಮೇಲೆ ಬಂದು ಕೇಳಿದಾಗ 'ನನ್ನ ಮನೆ, ಹಗಲು ಹೊತ್ತು' ಎಂದುಬಿಟ್ಟೆ. ನಿರ್ಬಂಧ ಇರುವುದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತಾನೇ! ಸೊಸೈಟಿಯ ಸೆಕ್ರೆಟರಿ 2000ದ ಶಬ್ದಮಾಲಿನ್ಯ ನಿಯಮ ತೆಗೆದು ತೋರಿಸಿದರು. ಮನೆಗಳಿರುವ ಕಡೆ ಹಗಲಿಗೂ ಮಿತಿ ಇದೆ, 55 ಡೆಸಿಬೆಲ್. ನನ್ನ ವಾದ್ಯದ ಸದ್ದು ನನ್ನ ಜಾಗದ ಗಡಿಯಲ್ಲಿ ಅದನ್ನು 5 ಡೆಸಿಬೆಲ್‌ಗಿಂತ ಜಾಸ್ತಿ ಮೀರುವಂತಿಲ್ಲ. ಚೆಂಡೆಗೆ ಇದನ್ನು ಹೇಳಿ ನೋಡಿ! ಊರಲ್ಲಿ ಆಟ ಇದೆ ಅಂತ ಗದ್ದೆಯಾಚೆಗೂ ಗೊತ್ತಾಗಬೇಕಾದ ವಾದ್ಯ ಅದು. (ಗಣಪತಿಗೆ ಗೇಟಿನೆದುರು ಢೋಲ್-ತಾಶಾ ಬಾರಿಸುವಾಗ ಇದೇ ಸೆಕ್ರೆಟರಿ ಎಲ್ಲರಿಗಿಂತ ಮುಂದೆ ಕುಣಿಯುತ್ತಾರೆ. ಇರಲಿ.)

ನಿಯಮಕ್ಕೆ ನಾನೇನೂ ಬಗ್ಗಲಿಲ್ಲ. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಸಿಸ್ಟರ್ ಸಿಕ್ಕಿದರು. ನಿಂತಲ್ಲೇ ತೂಕಡಿಕೆ. ಅವರ ಮಹಡಿ ಬಂದು ಬಾಗಿಲು ತೆರೆದರೂ ಎಚ್ಚರವಿಲ್ಲ. ಆ ಸಂಜೆಯೇ ದಾದರಿಗೆ ಲೋಕಲ್ ಹತ್ತಿದೆ.

ಪ್ಯಾಡ್ ಹೇಗಿದೆ ಅಂದ್ರೆ, ಸದ್ದು ಕಮ್ಮಿ, ನಿಜ. ಆದರೆ ಸ್ಟೂಲಿನ ಮೇಲಿಟ್ಟು ಬಾರಿಸಿದರೆ ಅದರ ಕಾಲುಗಳ ಮೂಲಕ ಅದುರು ಕೆಳಗಿಳಿಯುತ್ತದೆ. ಸ್ಟೂಲಿನಡಿ ಹಳೇ ಕಂಬಳಿ ಮಡಚಿ ಹಾಕಿ. ಏಕ, ರೂಪಕ, ಝಂಪೆ ತಾಳಗಳ ಲೆಕ್ಕ ಕೂಡಿಸಲು ಸಾಕು. ತೊಂದರೆ ಏನೆಂದರೆ ರಬ್ಬರು ಕೋಲನ್ನು ತಾನೇ ಎತ್ತಿ ಕೊಡುತ್ತದೆ, ಮಣಿಕಟ್ಟು ಸೋಮಾರಿಯಾಗುತ್ತದೆ. ಭಾನುವಾರ ಕ್ಲಾಸಿನಲ್ಲಿ ನಿಜವಾದ ಚೆಂಡೆ ಮುಟ್ಟಿದಾಗ ಗುರುಗಳು, 'ಎಂಥದು ಮಾರಾಯ್ರೆ, ಕೈಯಲ್ಲಿ ಜೀವವೇ ಇಲ್ಲ' ಅಂದರು. ನಾದವಂತೂ ಕೇಳಬೇಡಿ. ಮಸಾಲೆ ಕುಟ್ಟುತ್ತಿದ್ದೀರಾ ಅಂತ ನನ್ನ ಹೆಂಡತಿ ಅಡುಗೆಮನೆಯಿಂದ ಕೇಳುತ್ತಾಳೆ.

ಐದಕ್ಕೆ ಮೂರು ಸ್ಟಾರ್. ಕೊಳ್ಳುವವರು 12 ಇಂಚಿನದ್ದೇ ಕೊಳ್ಳಿ. ಎಂಟರಲ್ಲಿ ಕೋಲು ಗುರಿ ತಪ್ಪಿದರೆ ಸ್ಟೀಲ್ ಸ್ಟೂಲಿನ ಅಂಚಿಗೆ ಠಣ್ ಅಂತ ಬಡಿಯುತ್ತದೆ. ಮೊನ್ನೆ ಬಡಿಯಿತು, ಬೆಳಿಗ್ಗೆ ಹನ್ನೊಂದಕ್ಕೆ. ಎರಡೂ ಕೋಲು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತೆ.