ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಡಿಬೇಟ್ ಕ್ಲಾಸು: ಐದಕ್ಕೆ ಮೂರೂವರೆ ನಕ್ಷತ್ರ

ನನ್ನದು ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿ. ಊರಲ್ಲಿ ಹೊಸ ಟ್ಯೂಷನ್ ಶುರುವಾದರೆ ಮೊದಲು ಗೊತ್ತಾಗುವುದೇ ನಮ್ಮಂಥವರಿಗೆ. ಕರಪತ್ರ ನಮ್ಮ ಹತ್ತಿರವೇ ಬರುತ್ತದೆ ಅಲ್ವಾ. ಈ ಕ್ಲಾಸಿನದೂ ಹಾಗೇ ಬಂತು. 'ಇಂಗ್ಲಿಷ್, ಡಿಬೇಟ್, ಪಬ್ಲಿಕ್ ಸ್ಪೀಕಿಂಗ್. 90 ದಿನದಲ್ಲಿ ಸ್ಟೇಜ್ ಭಯ ಮಾಯ. ಬ್ಯಾಚಿಗೆ 12 ಮಕ್ಕಳು ಮಾತ್ರ.' 500 ಪ್ರತಿ ತೆಗೆದು ಮುಗಿಸುವಷ್ಟರಲ್ಲಿ ನಾನೇ ಮರುಳಾಗಿ ಮಗಳ ಹೆಸರು ಬರೆಸಿದ್ದೆ.

ಕ್ಲಾಸಿನ ಹೆಸರು ಹೇಳುವುದಿಲ್ಲ. ಅವರು ಈಗಲೂ ನನ್ನ ಗಿರಾಕಿ.

ಮಗಳು ಒಂಬತ್ತನೇ ಕ್ಲಾಸು, ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಅಂಕ ಚೆನ್ನಾಗಿಯೇ ತೆಗೆಯುತ್ತಾಳೆ. ಮಾತು ಮಾತ್ರ ಬರುವುದಿಲ್ಲ. ಬರುವುದಾದರೂ ಹೇಗೆ? ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಗೆ 100 ಅಂಕ. 80 ಬರೆದು ತೆಗೆಯಬೇಕು, ಉಳಿದ 20 ಶಾಲೆಯವರೇ ಕೊಡುವ ಆಂತರಿಕ ಅಂಕ. ಬಾಯಿ ಬಿಡದೆಯೂ ದಾಟಿಬಿಡಬಹುದು. ನಾನೂ ಹಾಗೇ ದಾಟಿದವನು. ಅಂಗಡಿಗೆ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡುತ್ತಾ ಬಂದರೆ ಈಗಲೂ ಕ್ಯಾಲ್ಕುಲೇಟರ್ ತಿರುಗಿಸಿ ದುಡ್ಡು ತೋರಿಸುತ್ತೇನೆ.

ಫೀಸು 6,500 ರೂಪಾಯಿ. ಶನಿವಾರ, ಭಾನುವಾರ ಒಂದೂವರೆ ಗಂಟೆ, ಒಟ್ಟು 24 ಕ್ಲಾಸು. ಎರಡನೇ ಮಹಡಿ, ಕೋಣೆ ಪರವಾಗಿಲ್ಲ, ಕುರ್ಚಿಗಳು ಗಟ್ಟಿ ಇವೆ. ಮೈಕು ಇದೆ, ಬ್ಯಾಟರಿ ಇರುವುದಿಲ್ಲ. ಮಕ್ಕಳು 12 ಅಲ್ಲ, 22. ಕೇಳಿದೆ. 'ಆಡಿಯೆನ್ಸ್ ಜಾಸ್ತಿ ಇದ್ದಷ್ಟೂ ಭಯ ಬೇಗ ಹೋಗುತ್ತದೆ ಸರ್' ಎಂದರು. ಉತ್ತರ ಮಾತ್ರ ಚೆನ್ನಾಗಿತ್ತು.

ಮೊದಲ ತಿಂಗಳು ದಂಡ. ಅಕ್ಷರಶಃ ದಂಡ. ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಐದು ರೂಪಾಯಿ ಡಬ್ಬಿಗೆ ಹಾಕಬೇಕು. ನನ್ನ ಮಗಳು 'ಸರ್, ನೀರು ಕುಡಿದು ಬರ್ಲಾ' ಎಂದು ಕೇಳಿ ಐದು ರೂಪಾಯಿ ಕೊಟ್ಟಳು. ಅವತ್ತಿಂದ ಎರಡು ವಾರ ಬಾಯಿಗೆ ಬೀಗ. ಮಾತು ಕಲಿಯಲೆಂದು ದುಡ್ಡು ಕಟ್ಟಿ ಕಳಿಸಿದರೆ, ಇದ್ದ ಮಾತೂ ಹೋಯಿತು. ಡಬ್ಬಿ ತುಂಬಿಸುತ್ತಿದ್ದವರೆಲ್ಲ ಕನ್ನಡ ಮಾಧ್ಯಮದ ಮಕ್ಕಳೇ. ಕಾನ್ವೆಂಟ್ ಮಕ್ಕಳಿಗೆ ಆ ಡಬ್ಬಿ ಇರುವುದೇ ಗೊತ್ತಿರಲಿಲ್ಲವಂತೆ.

ಭಾಷಣ ಕಲಿಸುವುದೂ ಒಂದೇ ಅಚ್ಚು. ಎಲ್ಲರೂ 'ರೆಸ್ಪೆಕ್ಟೆಡ್ ಜಡ್ಜಸ್, ಟೀಚರ್ಸ್ ಅಂಡ್ ಮೈ ಡಿಯರ್ ಫ್ರೆಂಡ್ಸ್' ಎಂದೇ ಶುರು ಮಾಡಬೇಕು. ಕೊನೆಗೆ ಕಲಾಂ ಅವರ ಹೆಸರಲ್ಲಿ ಒಂದು ಮಾತು. ನಡುವೆ ಬಾಯಿಪಾಠ. ಒಂದೇ ಮೂಲ ಪ್ರತಿಯ 22 ಜೆರಾಕ್ಸ್. ನನ್ನ ಕೆಲಸ ನನಗೆ ಗೊತ್ತಿದೆ, ಅದಕ್ಕೇ ಹೇಳುತ್ತಿದ್ದೇನೆ.

ಎರಡನೇ ತಿಂಗಳು ಭಾನುವಾರದ ಕ್ಲಾಸಿಗೆ ಒಬ್ಬ ಹೊಸ ಮಿಸ್ ಬಂದರು. ವಕೀಲೆ, ಚಿಕ್ಕ ವಯಸ್ಸು. ಅವರು ಡಬ್ಬಿಯನ್ನು ಬೀರುವಿನ ಮೇಲಿಟ್ಟರು. 'ಪಾಯಿಂಟ್ ಮೊದಲು ಕನ್ನಡದಲ್ಲಿ ಬರೀರಿ, ವಾದ ಸರಿಯಿದ್ದರೆ ಇಂಗ್ಲಿಷ್ ಹುಡುಕಿಕೊಂಡು ಬರುತ್ತೆ' ಎಂದರಂತೆ. ನೋಟ್ಸಿನ ಹಾಳೆಗೆ ನಡುವೆ ಗೀಟು ಹಾಕಿಸಿದರು. ಎಡಕ್ಕೆ 'ಅವರು ಏನಂತಾರೆ', ಬಲಕ್ಕೆ 'ನಾನು ಏನನ್ನಲಿ'.

ಆಟದ ನಿಯಮ ತೆಗೆದುಕೊಂಡದ್ದು ವಿಶ್ವ ಶಾಲಾ ಚರ್ಚಾ ಚಾಂಪಿಯನ್‌ಶಿಪ್‌ನಿಂದ. ಅಲ್ಲಿ ಒಂದು ವಾದದಲ್ಲಿ ಪ್ರತಿ ತಂಡದಿಂದ ಮೂವರು ಮಾತಾಡುತ್ತಾರೆ. ತಲಾ ಎಂಟು ನಿಮಿಷ, ಆಮೇಲೆ ನಾಲ್ಕು ನಿಮಿಷದ ಮರುವಾದ. ಮೊದಲ ನಿಮಿಷ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಎದುರಾಳಿ ಎದ್ದು ನಿಂತು ಪ್ರಶ್ನೆ ಕೇಳಬಹುದು. ವಿಷಯಕ್ಕೆ 40 ಅಂಕ, ಹೇಳುವ ರೀತಿಗೆ 40, ತಂತ್ರಕ್ಕೆ 20. ಉಚ್ಚಾರಣೆಗೆಂದು ಪ್ರತ್ಯೇಕ ಅಂಕವೇ ಇಲ್ಲ. ಇದು ಗೊತ್ತಾದ ದಿನ ಮಗಳು ಮನೆಗೆ ಬಂದು ಎರಡು ಸಲ ಹೇಳಿದಳು. 2019ರಲ್ಲಿ ಬ್ಯಾಂಕಾಕ್‌ನಲ್ಲಿ ಅದನ್ನು ಗೆದ್ದದ್ದು ನಮ್ಮ ಭಾರತದ ಹೈಸ್ಕೂಲ್ ಮಕ್ಕಳಂತೆ. ಆ ವಿಷಯ ನನಗೂ ಗೊತ್ತಿರಲಿಲ್ಲ. ಕ್ರಿಕೆಟ್ ಆಗಿದ್ದರೆ ಗೊತ್ತಿರುತ್ತಿತ್ತು.

ಇನ್ನೊಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನವರ ಪದ್ಧತಿ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಭಾಷಣ ಮಾಡಿ ಕಲಿಯುವವರ ಕ್ಲಬ್ಬು ಅದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೂತು 'ಆ...', 'ಉಂ...' ಎಷ್ಟು ಬಂತು ಎಂದು ಗೀಟು ಎಳೆಯುತ್ತಾ ಹೋಗುವುದು. ಮಗಳ ಮೊದಲ ಲೆಕ್ಕ 31. ಕೊನೆಯ ವಾರ 9. ಸಮಯ ತೋರಿಸಲು ಹಸಿರು, ಹಳದಿ, ಕೆಂಪು ಹಾಳೆ ನಮ್ಮ ಅಂಗಡಿಯಿಂದಲೇ ಹೋಯಿತು, ಪುಕ್ಕಟೆ.

ಒಂದು ಭಾನುವಾರ ಪೋಷಕರನ್ನೂ ಕರೆದಿದ್ದರು. ಹಿಂದಿನ ಸಾಲಲ್ಲಿ ಕೂತು ನೋಡಿದೆ. ವಿಷಯ, ಹೈಸ್ಕೂಲಿಗೆ ಮೊಬೈಲ್ ತರಲು ಬಿಡಬೇಕೋ ಬೇಡವೋ. ನಾಣ್ಯ ಚಿಮ್ಮಿದರು, ಮಗಳಿಗೆ 'ಬಿಡಬೇಕು' ಬಂತು. ಮನೆಯಲ್ಲಿ ಅವಳದು ಇದಕ್ಕೆ ಪೂರ್ತಿ ಉಲ್ಟಾ. ಗೀಟು ಹಾಕಿದ ಹಾಳೆಯ ಬಲಗಡೆ 'ಕೊನೇ ಬಸ್ಸು' ಎಂದು ಎರಡೇ ಪದ ಬರೆದುಕೊಂಡು ಎದ್ದಳು. 'ಮೈ ಫ್ರೆಂಡ್ ಗೋಸ್ ಬೈ ಲಾಸ್ಟ್ ಬಸ್. ಇಫ್ ಬಸ್ ಈಸ್ ನಾಟ್ ಕಮಿಂಗ್, ಹೂ ವಿಲ್ ಟೆಲ್ ಹರ್ ಮದರ್?' ಗ್ರಾಮರ್ ಸರಿಯಿಲ್ಲ ಎಂದು ನನಗೂ ಅನಿಸಿತು. ಮಿಸ್ ತಡೆಯಲಿಲ್ಲ. ಎದುರು ತಂಡದ ಹುಡುಗ ಎದ್ದ. ಒಳ್ಳೇ ಇಂಗ್ಲಿಷಿನಲ್ಲಿ, ಹೆಡ್‌ಮಾಸ್ಟರ್ ಫೋನಿಂದ ಮಾಡಬಹುದಲ್ಲ ಎಂದು ಕೇಳಿದ. ಇವಳು ಸುಮ್ನೆ ನಿಂತಳು. ನನ್ನ ಕೈ ಬೆವರಿತು. ಆಮೇಲೆ ಮೆಲ್ಲಗೆ, 'ಹೆಡ್‌ಮಾಸ್ಟರ್ ಗೋಸ್ ಹೋಮ್ ಬಿಫೋರ್ ಹರ್.'

ಇಡೀ ಕೋಣೆ ನಕ್ಕಿತು. ಆ ಹುಡುಗನೂ ನಕ್ಕ.

ಮೂರೂವರೆಯಲ್ಲಿ ಮೂರು ನಕ್ಷತ್ರ ಆ ಭಾನುವಾರದ ಮಿಸ್‌ಗೆ. ಉಳಿದ ಅರ್ಧ ಗಟ್ಟಿ ಕುರ್ಚಿಗಳಿಗೆ.

ಕಳೆದದ್ದು ಎಲ್ಲಿ? ಮೂರನೇ ತಿಂಗಳಲ್ಲಿ 'ನ್ಯಾಷನಲ್ ಲೆವೆಲ್' ಆನ್‌ಲೈನ್ ಸ್ಪರ್ಧೆ ಎಂದು 1,200 ರೂಪಾಯಿ ಬೇರೆ ಕೇಳಿದರು. ಕೊಟ್ಟೆ. ಭಾಗವಹಿಸಿದ ನಮ್ಮ ಬ್ಯಾಚಿನವರಿಗೆಲ್ಲ ಚಿನ್ನದ ಬಣ್ಣದ ಮೆಡಲು ಬಂತು, ಸರ್ಟಿಫಿಕೇಟಲ್ಲಿ ಮಗಳ ಹೆಸರಿನ ಸ್ಪೆಲ್ಲಿಂಗ್ ತಪ್ಪು. ಅದೇ ಶಾಲೆಯ ಪ್ರತಿಭಾ ಕಾರಂಜಿ ನೋಡಿ. ಪ್ರವೇಶ ಶುಲ್ಕ ಇಲ್ಲ, ಕ್ಲಸ್ಟರಿನಲ್ಲಿ ಗೆದ್ದರೆ ತಾಲ್ಲೂಕು, ಅಲ್ಲಿಂದ ಜಿಲ್ಲೆ, ಆಮೇಲೆ ರಾಜ್ಯ. ಸೋತರೆ ಸೋತೆ ಎಂದೇ ಹೇಳುತ್ತಾರೆ. ಮಗಳು ಎರಡಕ್ಕೆ ಹೆಸರು ಕೊಟ್ಟಳು. ಇಂಗ್ಲಿಷ್ ಭಾಷಣದಲ್ಲಿ ಮೂರನೇ ಸ್ಥಾನ. ಕನ್ನಡ ಚರ್ಚೆಯಲ್ಲಿ ಕ್ಲಸ್ಟರಿಗೇ ಮೊದಲು. ಅಲ್ಲಿಗೂ ನಡುವೆ ಗೀಟು ಹಾಕಿದ ಹಾಳೆಯನ್ನೇ ಒಯ್ದಿದ್ದಳು. ತಾಲ್ಲೂಕಿನಲ್ಲಿ ಸೋತಳು. ಗೆದ್ದ ಹುಡುಗಿಯ ಪಾಯಿಂಟುಗಳನ್ನು ಬರೆದುಕೊಂಡು ಬಂದಿದ್ದಳು, ಅದು ನನಗೆ ಹಿಡಿಸಿತು.

ಸೇರಿಸುವುದಾದರೆ ಭಾನುವಾರ ಯಾರು ಕಲಿಸುತ್ತಾರೆ ಎಂದು ಮೊದಲು ಕೇಳಿ. ಗ್ರಾಮರ್ ಕಲಿಯಲಿ ಎಂದಾದರೆ ಇಲ್ಲಿಗೆ ಬೇಡ, ಅದಕ್ಕೆ ಶಾಲೆಯ ಮೇಷ್ಟ್ರೇ ಸಾಕು. ಡಬ್ಬಿ ಎಲ್ಲಿದೆ ಎಂದೂ ಒಮ್ಮೆ ನೋಡಿಕೊಳ್ಳಿ.

ಹೋದ ವಾರ ಹೊಸ ಬ್ಯಾಚಿನ ಕರಪತ್ರ ಅಂಗಡಿಗೆ ಬಂತು. ಮೇಲ್ಗಡೆ ನನ್ನ ಮಗಳ ಫೋಟೊ! ಕೆಳಗೆ 'ಇಂಗ್ಲಿಷ್ ಡಿಬೇಟ್‌ನಲ್ಲಿ ಪ್ರಥಮ'. ಮಿಷನ್ ನಿಲ್ಲಿಸಿ ಫೋನ್ ಮಾಡಿದೆ. ಕೇಳದೆ ಫೋಟೊ ಹಾಕಿದ್ದಕ್ಕೆ ಒಂದಷ್ಟು ಬೈದೆ. 'ಡಿಬೇಟ್ ಡಿಬೇಟೇ ಅಲ್ವಾ ಸರ್' ಎಂದರು. ಅಲ್ಲ ಎಂದೆ. ಫೋಟೊ ತೆಗೆಸೋಣ ಎಂದರೆ ಮಗಳು ಒಪ್ಪಲಿಲ್ಲ, ಸಾಲು ಬದಲಿಸಿದರೆ ಸಾಕು ಎಂದಳು. ಅರ್ಧ ಗಂಟೆ ಬಿಟ್ಟು 'ಕನ್ನಡ ಚರ್ಚಾ ಸ್ಪರ್ಧೆ, ಕ್ಲಸ್ಟರ್ ಮಟ್ಟ, ಪ್ರಥಮ' ಎಂದು ತಿದ್ದಿ ಕಳಿಸಿದರು. 'ಬ್ಯಾಚಿಗೆ 12 ಮಕ್ಕಳು ಮಾತ್ರ' ಎನ್ನುವ ಸಾಲು ಹಾಗೇ ಇತ್ತು. ಅದು ಮಗಳ ಫೋಟೊ ಕೆಳಗೆ ಇರಲಿಲ್ಲ. 500 ಪ್ರತಿ ತೆಗೆದು ಬಿಲ್ ಕೊಟ್ಟೆ.