ಹೂಂಗುಟ್ಟುವವರೇ ಎದುರಾಳಿಗಳು: ‘ವನ್ಸ್ ಅಪಾನ್ ಎ ಟೈಮ್’ ಆಟದ ವಿಮರ್ಶೆ

ಅಜ್ಜಿ ಕಥೆ ಹೇಳಲು ಕುಳಿತರೆ ಕೇಳುವ ಮಕ್ಕಳು ಮಾತು ಮಾತಿಗೂ ‘ಹೂಂ’ ಎನ್ನಬೇಕು. ಹೂಂಗುಟ್ಟುವುದು ನಿಂತರೆ ಮಕ್ಕಳಿಗೆ ನಿದ್ದೆ ಹತ್ತಿತೆಂದು ಅಜ್ಜಿಯೂ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾಳೆ. ‘ವನ್ಸ್ ಅಪಾನ್ ಎ ಟೈಮ್’ ಎಂಬ ಆಟದಲ್ಲಿ ಹೀಗೆ ಹೂಂಗುಟ್ಟುತ್ತ ಕುಳಿತವರೆಲ್ಲರೂ ಎದುರಾಳಿಗಳು. ತಮ್ಮ ಕೈಯಲ್ಲಿರುವ ಕಾರ್ಡಿನ ಹೆಸರು ಹೇಳುವವರ ಬಾಯಿಂದ ಯಾವಾಗ ಉದುರುತ್ತದೆ, ಕಥೆಯನ್ನು ಯಾವಾಗ ಕಸಿದುಕೊಳ್ಳಬಹುದು ಎಂದು ಹೊಂಚು ಹಾಕಿಕೊಂಡೇ ಅವರು ಕಿವಿಗೊಡುತ್ತಾರೆ. ಕಳೆದ ಒಂದು ವರ್ಷದಿಂದ ಮೈಸೂರಿನ ನಮ್ಮ ಮನೆಯಲ್ಲಿ ಭಾನುವಾರದ ಸಂಜೆಗಳಂದು ಮೂವರಿಂದ ಆರು ಮಂದಿ ಸೇರಿ ಈ ಆಟವನ್ನು ಕನ್ನಡದಲ್ಲಿ ಆಡುತ್ತಿದ್ದೇವೆ. ಇಂಗ್ಲಿಷಿಗಾಗಿ ರೂಪಿಸಿದ ಆಟವೊಂದು ಕನ್ನಡದ ನಾಲಿಗೆಯಲ್ಲಿ ಹೇಗೆ ಬದಲಾಯಿತು ಎಂಬುದನ್ನೂ ಸೇರಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ರಿಚರ್ಡ್ ಲ್ಯಾಂಬರ್ಟ್, ಆಂಡ್ರ್ಯೂ ರಿಲ್‌ಸ್ಟೋನ್ ಮತ್ತು ಜೇಮ್ಸ್ ವಾಲಿಸ್ ಎಂಬ ಮೂವರು ಬ್ರಿಟಿಷರು ರೂಪಿಸಿದ ಈ ಆಟವನ್ನು ಅಮೆರಿಕದ ಅಟ್ಲಾಸ್ ಗೇಮ್ಸ್ ಸಂಸ್ಥೆ 1993ರಲ್ಲಿ ಪ್ರಕಟಿಸಿತು. ನಮ್ಮಲ್ಲಿರುವುದು ಓಮರ್ ರಯ್ಯಾನ್ ಅವರ ಚಿತ್ರಗಳಿರುವ, 2012ರ ಮೂರನೆಯ ಆವೃತ್ತಿ. ಪೆಟ್ಟಿಗೆಯೊಳಗೆ ಪಗಡೆಯಲ್ಲಿರುವಂಥ ಹಾಸು ಇಲ್ಲ, ದಾಳವಿಲ್ಲ, ಕಾಯಿಗಳಿಲ್ಲ. ಇರುವುದು ಎರಡು ಬಗೆಯ ಕಾರ್ಡುಗಳು ಮಾತ್ರ. ಕಥೆಯ ಕಾರ್ಡುಗಳಲ್ಲಿ ಪಾತ್ರ, ವಸ್ತು, ಸ್ಥಳ, ಘಟನೆ ಮತ್ತು ಗುಣ ಎಂಬ ಐದು ವರ್ಗಗಳಿವೆ. ರಾಜ, ಕಿರೀಟ, ಕಾಡು ಮುಂತಾದ ಅಡಗೂಲಜ್ಜಿ ಕಥೆಯ ಸಾಮಾನುಗಳೆಲ್ಲ ಅಲ್ಲಿ ಸಿಗುತ್ತವೆ. ಅಂತ್ಯದ ಕಾರ್ಡುಗಳಲ್ಲಿ ಕಥೆಯನ್ನು ಮುಗಿಸುವ ಒಂದೊಂದು ವಾಕ್ಯವಿರುತ್ತದೆ.

ಪ್ರತಿಯೊಬ್ಬರಿಗೂ ಕೆಲವು ಕಥೆಯ ಕಾರ್ಡುಗಳನ್ನೂ ಒಂದೇ ಒಂದು ಅಂತ್ಯದ ಕಾರ್ಡನ್ನೂ ಹಂಚಲಾಗುತ್ತದೆ. ಒಬ್ಬರು ಕಥೆ ಆರಂಭಿಸಿ, ತಮ್ಮ ಕಾರ್ಡಿನಲ್ಲಿರುವ ಸಂಗತಿ ಕಥೆಯೊಳಗೆ ಬಂದಾಗಲೆಲ್ಲ ಆ ಕಾರ್ಡನ್ನು ಕೆಳಗಿಡುತ್ತ, ಎಲ್ಲವೂ ಖಾಲಿಯಾದ ಮೇಲೆ ತಮ್ಮ ಅಂತ್ಯದ ವಾಕ್ಯಕ್ಕೆ ಕಥೆಯನ್ನು ತಂದು ನಿಲ್ಲಿಸಿದರೆ ಗೆದ್ದಂತೆ. ಆದರೆ ಅವರು ‘ಕಾಡು’ ಎಂದ ಕ್ಷಣ, ಕಾಡಿನ ಕಾರ್ಡು ಹಿಡಿದ ಇನ್ನೊಬ್ಬರು ಅದನ್ನು ಕೆಳಗೆಸೆದು ಕಥೆಯನ್ನು ತಮ್ಮದಾಗಿಸಿಕೊಳ್ಳಬಹುದು. ಅಡ್ಡಬಾಯಿ ಹಾಕಲೆಂದೇ ಗುರುತು ಮಾಡಿದ ಕೆಲವು ಕಾರ್ಡುಗಳೂ ಇವೆ. ಹೇಳುವವರು ಕೆಳಗಿಟ್ಟ ಕಾರ್ಡು ಅದೇ ವರ್ಗದ್ದಾದರೆ ಸಾಕು, ಕಥೆ ಕೈಬದಲಾಗುತ್ತದೆ. ಕಥೆ ಕಳೆದುಕೊಂಡವರು ದಂಡವಾಗಿ ಇನ್ನೊಂದು ಕಾರ್ಡು ಎತ್ತಿಕೊಳ್ಳಬೇಕು. ಮುಂದೇನೆಂದು ತೋಚದೆ ಸುಮಾರು ಐದು ಸೆಕೆಂಡು ಬಾಯಿಕಟ್ಟಿ ಕುಳಿತರೂ ಸರದಿ ಹೋಗುತ್ತದೆ. ಇಷ್ಟನ್ನು ಹೊಸಬರಿಗೆ ವಿವರಿಸಲು ಐದು ನಿಮಿಷ ಸಾಕು.

ಗುಂಪಿನಲ್ಲಿ ಆಡುವ, ಸೋಲು ಗೆಲುವಿರುವ ಕಥೆಯಾಟವನ್ನು ರೂಪಿಸುವವರಿಗೆ ಎದುರಾಗುವ ಮೂಲ ತೊಡಕೆಂದರೆ, ಒಳ್ಳೆಯ ಕಥೆ ಯಾವುದೆಂದು ತೂಗುವ ತಕ್ಕಡಿ ಯಾರ ಬಳಿಯೂ ಇರುವುದಿಲ್ಲ. ತೀರ್ಪುಗಾರರನ್ನು ಕೂರಿಸಿದರೆ ಮನೆಯಾಟ ಶಾಲೆಯ ಭಾಷಣಸ್ಪರ್ಧೆಯಾಗುತ್ತದೆ, ಮತಕ್ಕೆ ಹಾಕಿದರೆ ಗೆಳೆತನಕ್ಕೆ ಅಂಕ ಬೀಳುತ್ತದೆ. ಈ ಆಟವನ್ನು ರೂಪಿಸಿದ ಮೂವರ ಜಾಣತನವಿರುವುದು ಕಥೆಯ ಗುಣವನ್ನು ಅಳೆಯುವ ಗೋಜಿಗೇ ಹೋಗದೆ, ಪೈಪೋಟಿಯನ್ನು ಕಥೆ ಹೇಳುವ ಹಕ್ಕಿನ ಮೇಲೆ ಇಟ್ಟದ್ದರಲ್ಲಿ. ಹೀಗಾಗಿ ಕೇಳುವವರು ಹೇಳುವವರಷ್ಟೇ ಎಚ್ಚರವಾಗಿರುತ್ತಾರೆ. ನಮ್ಮ ಮನೆಯಲ್ಲಿ ಈ ಆಟದ ನಡುವೆ ಫೋನು ಕೈಗೆತ್ತಿಕೊಂಡವರನ್ನು ನಾನು ಕಂಡಿಲ್ಲ.

ಕನ್ನಡದಲ್ಲಿ ಆಡಿದಾಗ ಇದಕ್ಕೆ ಇನ್ನೊಂದು ಮಜಲು ಸೇರಿಕೊಂಡಿತು. ಇಂಗ್ಲಿಷಿನ ವಾಕ್ಯದಲ್ಲಿ ಕ್ರಿಯಾಪದ ಮೊದಲು ಬಂದುಬಿಡುವುದರಿಂದ, ತೋಳದ ಹೆಸರು ಕೇಳಿಸುವಷ್ಟರಲ್ಲಿ ರಾಜ ಅದನ್ನು ಕೊಂದಾಗಿರುತ್ತದೆ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ರಾಜ ಪೊದೆಯ ಹಿಂದೆ ಅಡಗಿದ್ದ ತೋಳವನ್ನು...’ ಎನ್ನುವಷ್ಟರಲ್ಲಿ ನನ್ನ ಅಕ್ಕನ ಮಗಳು ತೋಳದ ಕಾರ್ಡನ್ನು ಚಾಪೆಯ ಮೇಲೆ ಬಡಿದು, ‘ಮನೆಗೆ ಕರೆತಂದು ಸಾಕಿದ!’ ಎಂದುಬಿಟ್ಟಳು. ರಾಜ ತೋಳವನ್ನು ಕೊಂದು ಅದರ ಹೊಟ್ಟೆಯಲ್ಲಿ ಉಂಗುರ ಕಾಣಬೇಕೆಂಬ ನನ್ನ ಹವಣಿಕೆ ಅಲ್ಲಿಗೆ ಮುಗಿಯಿತು. ವಾಕ್ಯ ಮುಗಿಯುವವರೆಗೆ ಕಾಯಬೇಕೆಂಬ ನಿಯಮ ಮಾಡೋಣವೆಂದು ನಾನು ಸೂಚಿಸಿದೆನಾದರೂ ಉಳಿದವರು ಒಪ್ಪಲಿಲ್ಲ, ಅವರು ಒಪ್ಪದಿದ್ದದ್ದೇ ಸರಿಯೆಂದು ಈಗ ಅನ್ನಿಸುತ್ತದೆ. ಅರ್ಧಕ್ಕೆ ನಿಂತ ವಾಕ್ಯವನ್ನು ಇನ್ನೊಬ್ಬರು ತಮಗೆ ಬೇಕಾದ ಕ್ರಿಯಾಪದದಿಂದ ಮುಗಿಸುವ ಈ ಸೊಗಸು ಆಟವನ್ನು ರೂಪಿಸಿದವರ ಲೆಕ್ಕದಲ್ಲಿ ಇದ್ದಿರಲಾರದು.

ಸಮಾನಾರ್ಥಕ ಪದಗಳ ಜಗಳವೂ ನಮ್ಮಲ್ಲಿ ಹೆಚ್ಚು. ‘ಅಡವಿ’ ಎಂದರೆ ಕಾಡಿನ ಕಾರ್ಡು ನಡೆಯುತ್ತದೆ, ಅದರಲ್ಲಿ ತಕರಾರಿಲ್ಲ. ‘ರಾಜನ ಮನೆ’ ಎಂದರೆ ಅರಮನೆಯ ಕಾರ್ಡು ನಡೆಯುವುದೇ? ನಡೆಯುತ್ತದೆ ಎಂದು ನಾವು ತೀರ್ಮಾನಿಸಿದ್ದೇವೆ. ಇಂಥದ್ದನ್ನೆಲ್ಲ ಗುಂಪಿನ ಒಮ್ಮತಕ್ಕೆ ಬಿಡದೆ ಬೇರೆ ದಾರಿಯಿಲ್ಲ; ಆದ್ದರಿಂದ ಅಕ್ಷರಕ್ಕೆ ಜೋತುಬಿದ್ದು ವಾದಿಸುವ ವಕೀಲಿ ಸ್ವಭಾವದವರು ಒಬ್ಬರಿದ್ದರೂ ಆಟ ಕೆಡುತ್ತದೆ.

ಈಗ ದೋಷದ ಮಾತು. ಗೆಲುವಿಗೆ ಬೇಕಾದದ್ದು ಕೈ ಖಾಲಿ ಮಾಡುವುದು. ಆದರೆ ಕೈ ಬೇಗ ಖಾಲಿಯಾಗುವುದು ಕಥೆ ಕೆಟ್ಟಾಗ. ‘ರಾಜ ಕಾಡಿಗೆ ಹೋದ, ಅಲ್ಲೊಂದು ಕತ್ತಿ ಸಿಕ್ಕಿತು, ಕತ್ತಿಯಿಂದ ಬಾಗಿಲು ಒಡೆದ’ ಎಂದು ದಿನಸಿ ಚೀಟಿ ಓದಿದಂತೆ ಹೇಳುವವರು, ಪಾತ್ರದ ಮನಸ್ಸಿನೊಳಗೆ ಇಳಿದು ನಿಧಾನವಾಗಿ ಕಥೆ ಕಟ್ಟುವವರನ್ನು ಸುಲಭವಾಗಿ ಸೋಲಿಸುತ್ತಾರೆ, ಏಕೆಂದರೆ ಹೆಚ್ಚು ಮಾತಾಡಿದಷ್ಟೂ ಎದುರಾಳಿಗಳ ಕಾರ್ಡಿಗೆ ಸಿಕ್ಕಿಬೀಳುವ ಪದಗಳು ಹೆಚ್ಚುತ್ತವೆ. ಅರ್ಥವಿಲ್ಲದೆ ಅಲೆದಾಡುವ ಕಥೆಯನ್ನು ಪ್ರಶ್ನಿಸುವ ಹಕ್ಕನ್ನು ನಿಯಮಗಳು ಉಳಿದವರಿಗೆ ಕೊಟ್ಟಿವೆ, ನಿಜ. ಆದರೆ ಭಾನುವಾರದ ಸಂಜೆ ಮನೆಗೆ ಬಂದ ಭಾವಮೈದುನನಿಗೆ ‘ನಿಮ್ಮ ಕಥೆಗೆ ತಲೆಬುಡವಿಲ್ಲ’ ಎಂದು ಹೇಳುವ ಧೈರ್ಯ ಯಾರಿಗಿದೆ? ಆಟದಲ್ಲಿ ಪಳಗಿದವರು ಇನ್ನೊಂದು ಉಪಾಯವನ್ನೂ ಕಲಿಯುತ್ತಾರೆ: ಸಾಮಾನ್ಯ ನಾಮಪದಗಳನ್ನೇ ತಪ್ಪಿಸಿ, ಕಿರೀಟ ಎನ್ನುವ ಬದಲು ‘ತಲೆಯ ಮೇಲಿನ ಹೊಳೆಯುವ ಭಾರ’ ಎಂದು ಸುತ್ತಿಬಳಸುತ್ತಾರೆ. ಅದು ಮೊದಲೆರಡು ಬಾರಿ ಕಾವ್ಯದಂತೆ ಕೇಳಿಸುತ್ತದೆ, ಆಮೇಲೆ ತಲೆನೋವು.

ಇದೇ ತೊಡಕನ್ನು ಬೇರೆ ದಾರಿಯಿಂದ ಬಿಡಿಸಿದ ಆಟವೆಂದರೆ ಫ್ರಾನ್ಸಿನ ಝಾನ್-ಲೂಯಿ ರುಬಿರಾ ಅವರ ‘ಡಿಕ್ಸಿಟ್’. 2008ರಲ್ಲಿ ಬಂದ ಇದು 2010ರಲ್ಲಿ ಜರ್ಮನಿಯ ‘ಸ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ ಪಡೆಯಿತು. ಅಲ್ಲಿ ಹೇಳುವವರು ತಮ್ಮ ಚಿತ್ರದ ಕಾರ್ಡಿಗೆ ಒಂದು ಸುಳಿವಿನ ಮಾತು ಕೊಡುತ್ತಾರೆ, ಉಳಿದವರು ಅದಕ್ಕೆ ಹೊಂದುವ ತಮ್ಮ ಕಾರ್ಡುಗಳನ್ನು ಬೆರೆಸುತ್ತಾರೆ, ಆಮೇಲೆ ಮೂಲ ಕಾರ್ಡು ಯಾವುದೆಂದು ಊಹಿಸಬೇಕು. ಎಲ್ಲರೂ ಗುರುತಿಸಿದರೂ ಯಾರೊಬ್ಬರೂ ಗುರುತಿಸದಿದ್ದರೂ ಹೇಳಿದವರಿಗೆ ಸೊನ್ನೆ, ಉಳಿದವರಿಗೆ ತಲಾ 2 ಅಂಕ. ಕೆಲವರು ಮಾತ್ರ ಗುರುತಿಸಿದರೆ ಹೇಳಿದವರಿಗೂ ಅವರಿಗೂ ತಲಾ 3. ಹೀಗೆ ಮಾತು ತೀರಾ ಬಿಚ್ಚಿಕೊಳ್ಳದೆ, ತೀರಾ ಒಗಟೂ ಆಗದೆ ಧ್ವನಿಪೂರ್ಣವಾಗಿದ್ದರೆ, ಅಂದರೆ ಬಾಯಿಬಿಟ್ಟು ಹೇಳದೆಯೇ ಸೂಚಿಸುವಂತಿದ್ದರೆ ಮಾತ್ರ ಗೆಲುವು. ಧ್ವನಿಗೆ ಲೆಕ್ಕದಲ್ಲಿ ಬಹುಮಾನ ಕೊಡುವ ಇಂಥ ಸೂತ್ರ ಇನ್ನೊಂದು ನನಗೆ ತಿಳಿದಿಲ್ಲ, ವಿನ್ಯಾಸವಾಗಿ ಡಿಕ್ಸಿಟ್ ಹೆಚ್ಚು ಬಿಗಿಯಾದ ಆಟವೆಂದು ಒಪ್ಪುತ್ತೇನೆ. ಆದರೆ ಅಲ್ಲಿ ಕಥೆಯೆಂಬುದು ಒಂದು ಸಾಲಿಗೆ ಮುಗಿಯುತ್ತದೆ. ಆಟ ಮುಗಿದ ಮೇಲೆ ಅಂಕ ನೆನಪಿರುತ್ತದೆ, ಕಥೆ ಇರುವುದಿಲ್ಲ. ತೋಳ ಸಾಕಿದ ರಾಜನನ್ನು ನಮ್ಮ ಮನೆಯವರು ಎಂಟು ತಿಂಗಳಾದರೂ ಮರೆತಿಲ್ಲ.

ಆಟಗಾರರ ಸಂಖ್ಯೆಯ ಬಗ್ಗೆ ಒಂದು ಮಾತು. ಇಬ್ಬರಿಂದ ಆರು ಮಂದಿ ಆಡಬಹುದಾದರೂ ಮೂವರು ನಾಲ್ವರಿದ್ದಾಗ ಕಥೆ ಹದವಾಗಿ ಕೈಬದಲಾಗುತ್ತದೆ. ಆರು ಮಂದಿಯಿದ್ದಾಗ ಸಂಕೋಚದವರಿಗೆ ಬಾಯಿ ಬಿಡಲು ಎಡೆಯೇ ಸಿಗುವುದಿಲ್ಲ. ಪಕ್ಕದ ಮನೆಯ ಹುಡುಗನೊಬ್ಬ ಒಮ್ಮೆ ಇಡೀ ಆಟದಲ್ಲಿ ಒಂದೇ ಒಂದು ವಾಕ್ಯ ಹೇಳಿ ಎದ್ದುಹೋದ. ಅಂದಿನಿಂದ, ಪ್ರತಿ ಆಟಗಾರ ಒಮ್ಮೆಯಾದರೂ ಮೂರು ವಾಕ್ಯಗಳನ್ನು ಅಡ್ಡಿಯಿಲ್ಲದೆ ಹೇಳಬಹುದೆಂಬ ಮನೆಯ ನಿಯಮವನ್ನು ಸೇರಿಸಿಕೊಂಡಿದ್ದೇವೆ.

ಕನ್ನಡದ ಮನೆಗೆ ಇದನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕಾದದ್ದು ಭಾಷೆಯ ವಿಚಾರ. ಕಥೆಯ ಕಾರ್ಡುಗಳಲ್ಲಿ ಚಿತ್ರವಿರುವುದರಿಂದ ಇಂಗ್ಲಿಷ್ ಓದಲಾರದವರಿಗೂ ಅಂದಾಜು ಸಿಗುತ್ತದೆ. ಅಂತ್ಯದ ಕಾರ್ಡುಗಳಿಗೆ ಆ ಅನುಕೂಲವಿಲ್ಲ, ಅಲ್ಲಿ ವಾಕ್ಯವೇ ಎಲ್ಲ. ನಾನು ಒಂದು ಮಧ್ಯಾಹ್ನ ಕುಳಿತು ಆ ವಾಕ್ಯಗಳನ್ನೆಲ್ಲ ಕನ್ನಡದಲ್ಲಿ ಚೀಟಿಗಳ ಮೇಲೆ ಬರೆದು, ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿಗೆ ಸೇರಿಸಿದೆ. ಆಮೇಲೆ ಅಮ್ಮನೂ ಆಟಕ್ಕೆ ಕುಳಿತರು. ಮೊದಲ ಸಲವೇ ಅವರು ಅಂತ್ಯದ ವಾಕ್ಯ ಓದಿ ಗೆದ್ದ ಮೇಲೂ ನಿಲ್ಲಿಸದೆ, ‘ಅವರು ಅಲ್ಲಿ, ನಾವು ಇಲ್ಲಿ’ ಎಂದು ಸೇರಿಸಿಯೇ ಕಾರ್ಡು ಕೆಳಗಿಟ್ಟರು.

ಸ್ವಂತ ಕಾರ್ಡು ಬರೆದುಕೊಳ್ಳಲು ಖಾಲಿ ಕಾರ್ಡುಗಳ ಪೂರಕ ಕಟ್ಟೊಂದನ್ನೂ ಪ್ರಕಾಶಕರು ತಂದಿದ್ದಾರೆ. ನಾವು ಅದನ್ನು ತರಿಸದೆ, ಅದೇ ಅಳತೆಗೆ ರಟ್ಟು ಕತ್ತರಿಸಿ ಹುಣಸೆಮರ, ಹಾಳುಬಾವಿ, ಸಂತೆ, ಏಳು ಹೆಡೆಯ ಸರ್ಪ, ಕಿರಿಸೊಸೆ ಎಂದು ಬರೆದುಕೊಂಡೆವು. ರಟ್ಟು ತುಸು ದಪ್ಪವಾಗಿರುವುದರಿಂದ ಹಂಚುವಾಗ ಯಾರ ಕೈಗೆ ಅಂಥ ಕಾರ್ಡು ಬಂತೆಂದು ಎಲ್ಲರಿಗೂ ತಿಳಿದುಬಿಡುತ್ತದೆ. ಹಾಗೆ ತಿಳಿದವರು ಮರ, ಬಾವಿ, ಸೊಸೆಯ ಮಾತೆತ್ತದೆ ಇಡೀ ಸಂಜೆ ಕಥೆಯನ್ನು ಸಮುದ್ರದ ಮೇಲೆಯೇ ನಡೆಸುತ್ತಾರೆ. ಈ ವಾರ ತೆಳುವಾದ ಕಾಗದ ತರಬೇಕಾಗಿದೆ.